ಕಡಲ ಸಾಲಿನ ಕಂಬಗಳು

"ಏಯ್ ಮುಂಡೆ, ನಿನ್ ಗಂಡ ಒಂದ್ ಗೋಡೌನ್ ಬೀಳ್ಸಿದ್ದು ಸಾಲ್ದಾ? ಇದನ್ನ ನೀನ್ ಬೀಳಿಸ್ಬೇಕಾ?"

ಎಂಜಿನಿಯರು ಹೀಗೆ ಅರಚಿದಾಗ ಬೋಲ್ಟಕ್ಕ ಹದಿನಾಲ್ಕನೇ ಕಂಬದ ಬುಡದಲ್ಲಿ ಮಂಡಿಯೂರಿ, ಎರಡು ಮೊಳದ ಸ್ಪ್ಯಾನರಿಗೆ ಮೈಭಾರವನ್ನೆಲ್ಲ ಹೇರಿ ನಟ್ಟು ಬಿಗಿಯುತ್ತಿದ್ದಳು. ನಟ್ಟು ಬಿಗಿಯಾಗುತ್ತಿರಲಿಲ್ಲ. ಅದರ ಜೊತೆಗೆ ಬೋಲ್ಟೂ ಗಿರ್ರನೆ ತಿರುಗುತ್ತಿತ್ತು. ಕಾಂಕ್ರೀಟಿನೊಳಗೆ ಮೊಣಕಾಲುದ್ದ ಹೂತಿರಬೇಕಾದ ಬೋಲ್ಟು ಹಾಗೆ ತಿರುಗುವುದುಂಟೆ? ಅವಳು ಅದನ್ನೇ ಹೇಳಿದ್ದಳು, "ಸಾರ್, ಇದು ಬುಡ ಹಿಡೀತಿಲ್ಲ" ಎಂದು. ಅಷ್ಟಕ್ಕೇ ಈ ಮಂಗಳಾರತಿ.

"ಬುಡ ನೋಡೋಕೆ ನಾನಿದೀನಿ. ನೀನ್ ಮುಚ್ಕೊಂಡು ಗೆರೆ ಎಳಿ."

ಗೆರೆ ಎಂದರೆ ಬಿಳಿ ಬಣ್ಣದ ಗೆರೆ. ನಟ್ಟು ಬಿಗಿದಾದ ಮೇಲೆ ಅದರ ನೆತ್ತಿಯಿಂದ ಕೆಳಗಿನ ಕಬ್ಬಿಣದ ತಟ್ಟೆಯವರೆಗೆ ಬೆರಳಗಲದ ಗೆರೆ ಎಳೆಯುವುದು ಈ ಕಸುಬಿನ ರೂಢಿ. ನಾಳೆ ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಬಿಗಿದವರೇ ಎಳೆಯಬೇಕು. ಓದುಬರಹ ಬಾರದವರು ಹಾಕುವ ಸಹಿ ಅದು, ಅದನ್ನು ಸುಳ್ಳು ಹಾಕಬಾರದು ಎಂದು ಅವಳಿಗೆ ಕಲಿಸಿದವನು ಅವಳ ಗಂಡ.

"ಬಿಗೀದೆ ಹೆಂಗ್ ಸಾರ್ ಗೆರೆ ಎಳೆಯೋದು?"

ಎಂಜಿನಿಯರು ಹತ್ತಿರ ಬಂದ. ಅವಳ ಪಕ್ಕದಲ್ಲಿದ್ದ ಬಣ್ಣದ ಡಬ್ಬಿಗೆ ಕುಂಚ ಅದ್ದಿದ. ಎಡಗೈಯಿಂದ ಅವಳ ಗದ್ದ ಹಿಡಿದೆತ್ತಿ, ನೆತ್ತಿಯ ಬೈತಲೆಯಿಂದ ಹಣೆ, ಮೂಗು, ತುಟಿ ದಾಟಿಸಿ ಗದ್ದದವರೆಗೆ ಒಂದೇ ಎಳೆತಕ್ಕೆ ಗೆರೆ ಎಳೆದುಬಿಟ್ಟ.

"ಹಿಂಗೆ! ನೋಡ್ರೋ, ಇವಳೂ ಟೈಟಾದ್ಲು. ಗಂಡ ಇಲ್ದೆ ಲೂಸಾಗಿದ್ಲು ಪಾಪ."

ಮೊದಲು ನಕ್ಕವನು ಮೇಸ್ತ್ರಿ. ಮೇಸ್ತ್ರಿ ನಕ್ಕ ಮೇಲೆ ಉಳಿದವರು ನಗದೆ ಇರುವುದು ಹೇಗೆ? ನಾಳೆ ಬೆಳಿಗ್ಗೆ ಗೇಟಿನಲ್ಲಿ ಹೆಸರು ಕೂಗುವವನು ಅವನೇ. ಹಾಗಾಗಿ ಹದಿನೆಂಟು ಜನರೂ ನಕ್ಕರು, ಕೆಲವರು ನೆಲ ನೋಡುತ್ತಾ ನಕ್ಕರು. ಬಣ್ಣ ಕಣ್ಣಿಗಿಳಿದು ಉರಿಯಿತು. ಬೋಲ್ಟಕ್ಕ ಒರೆಸಿಕೊಳ್ಳಲಿಲ್ಲ. ಅವನ ಕೈಯಿಂದ ಕುಂಚ ತೆಗೆದುಕೊಂಡು ಹದಿನಾಲ್ಕನೇ ಕಂಬದ ನಾಲ್ಕೂ ನಟ್ಟುಗಳಿಗೆ ಗೆರೆ ಎಳೆದಳು. ಇವನನ್ನು ಒಂದು ದಿನ ಇದೇ ಕಂಬದ ಬುಡದಲ್ಲಿ ಕೂರಿಸದಿದ್ದರೆ ನಾನು ನನ್ನಪ್ಪನಿಗೆ ಹುಟ್ಟಿದವಳೇ ಅಲ್ಲ ಎಂದುಕೊಂಡಳು.

ಅವಳು ಆ ಕೆಲಸಕ್ಕೆ ಸೇರಿದ್ದೇ ಅವನ ಮೇಲಿನ ಸೇಡಿಗೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇರಲಿಲ್ಲವೆಂದಲ್ಲ.

ಎರಡು ವರ್ಷದ ಹಿಂದೆ ಇದೇ ನೆಲದ ಮೇಲೆ, ಈಗ ಈ ಗೋದಾಮು ಕಟ್ಟಿಸುತ್ತಿದ್ದ ಸಾಹುಕಾರನದೇ ಇನ್ನೊಂದು ಸಕ್ಕರೆ ಗೋದಾಮು ನಿಂತಿತ್ತು. ಕಡಲಿನಿಂದ ಮುನ್ನೂರು ಹೆಜ್ಜೆ. ವರ್ಷಕ್ಕೊಂದಾದರೂ ಚಂಡಮಾರುತ ಬಂದು ಬಾಗಿಲು ತಟ್ಟುವ ಜಾಗ. ಇಂಥಲ್ಲಿ ತಗಡಿನ ಗೋದಾಮು ಕಟ್ಟುವುದೆಂದರೆ ಮನೆ ಕಟ್ಟಿದ ಹಾಗಲ್ಲ. ಮನೆಯನ್ನು ಬೀಳದಂತೆ ಕಟ್ಟುತ್ತಾರೆ, ಗೋದಾಮನ್ನು ಹಾರದಂತೆ ಕಟ್ಟಬೇಕು. ಗಾಳಿ ಅದನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎತ್ತುತ್ತದೆ. ಮುಂದಿನ ಶಟರು ಒಮ್ಮೆ ಒಡೆದು ಗಾಳಿ ಒಳಗೆ ನುಗ್ಗಿತೆಂದರೆ ಚಾವಣಿ ಕೆಳಗಿನಿಂದಲೇ ಉಬ್ಬಿ ಏಳುತ್ತದೆ. ಆಗ ಇಡೀ ಗೋದಾಮನ್ನು ನೆಲಕ್ಕೆ ಕಚ್ಚಿ ಹಿಡಿಯುವುದು ಕಂಬದ ಬುಡದ ನಾಲ್ಕು ಬೋಲ್ಟುಗಳು ಮಾತ್ರ. ಇದನ್ನೆಲ್ಲ ಬೋಲ್ಟಕ್ಕನಿಗೆ ಯಾವ ಕಾಲೇಜೂ ಕಲಿಸಲಿಲ್ಲ. ವೆಲ್ಡಿಂಗ್ ಕೆಲಸದ ಗಂಡ ಊಟದ ಡಬ್ಬಿಯ ಮುಚ್ಚಳವನ್ನು ಊದಿ ಹಾರಿಸಿ ತೋರಿಸಿದ್ದ.

ಆಗ ಆದದ್ದಿಷ್ಟು. ಕಾಂಕ್ರೀಟು ಸುರಿಯುವ ದಿನ ಸಾಹುಕಾರನಿಗೆ ಆತುರ. ಬೋಲ್ಟುಗಳನ್ನು ಅಳತೆಯ ತಟ್ಟೆಗೆ ಕಟ್ಟಿ ನಿಲ್ಲಿಸದೆ ಕಣ್ಣಂದಾಜಿಗೆ ಹೂತರು. ಕಂಬ ತಂದು ನಿಲ್ಲಿಸಿದರೆ ತೂತಿಗೂ ಬೋಲ್ಟಿಗೂ ಎರಡೆರಡು ಬೆರಳು ದೂರ. ಕಾಂಕ್ರೀಟು ಒಡೆದು ಮತ್ತೆ ಹೂಳಬೇಕಿತ್ತು. ಎಂಜಿನಿಯರು ಬೇರೆ ಉಪಾಯ ಹೇಳಿದ. ಹೂತ ಬೋಲ್ಟನ್ನು ನೆಲದ ಮಟ್ಟಕ್ಕೆ ಕತ್ತರಿಸು, ತೂತಿನಲ್ಲಿ ಬೆರಳುದ್ದದ ತುಂಡು ನಿಲ್ಲಿಸಿ ತಟ್ಟೆಗೆ ಬೆಸೆದುಬಿಡು, ಮೇಲೆ ನಟ್ಟು ಹಾಕು, ಯಾರ ಅಪ್ಪನಿಗೂ ಗೊತ್ತಾಗೋಲ್ಲ ಅಂದ. ಕೂಲಿಯವರು ಅದಕ್ಕೆ 'ಕಟ್ಟಿಸಿದ ಹಲ್ಲು' ಎಂದು ಹೆಸರಿಟ್ಟರು. ಬಾಯಿ ತೆರೆದರೆ ಹಲ್ಲಿದೆ, ಕಡಿದರೆ ಇಲ್ಲ.

"ಇದು ತಪ್ಪು ಸಾರ್, ಕಂಬಕ್ಕೂ ನೆಲಕ್ಕೂ ಸಂಬಂಧವೇ ಇರಲ್ಲ" ಎಂದು ಗಂಡ ಹೇಳಿದ್ದಕ್ಕೆ ಎಂಜಿನಿಯರು ಕೆನ್ನೆಗೆ ಬಾರಿಸಿದ. ಗಂಡ ಮನೆಗೆ ಬಂದು ಊಟ ಬಿಟ್ಟ. ಮರುದಿನ ಹೋಗಿ ಬೆಸೆದ. ಬೆಸೆದದ್ದು ನಿಜ, ಅದನ್ನು ಬೋಲ್ಟಕ್ಕ ಯಾವತ್ತೂ ಮುಚ್ಚಿಡಲಿಲ್ಲ. ನೆನೆದಾಗೆಲ್ಲ ಅವಳಿಗೆ ಗಂಡನ ಮೇಲೂ ಸಿಟ್ಟು ಬರುತ್ತಿತ್ತು.

ಆ ವರ್ಷದ ಚಂಡಮಾರುತದ ದಿನ ಮೂಟೆಗಳಿಗೆ ನೀರು ತಾಗದಂತೆ ಅಟ್ಟಕ್ಕೆ ಏರಿಸಲು ನಲವತ್ತು ಜನರನ್ನು ಒಳಗೆ ಬಿಟ್ಟು, ಓಡಿಹೋಗದಿರಲಿ ಎಂದು ಹೊರಗಿನಿಂದ ಬೀಗ ಜಡಿದರು. ಕಡಲ ಕಡೆಯ ಸಾಲಿನ ಕಂಬಗಳು ಬುಡಸಮೇತ ಎದ್ದವು. ಹನ್ನೊಂದು ಜನ ಸತ್ತರು. ವೆಲ್ಡರ್ ಅವರಲ್ಲೊಬ್ಬ.

ತನಿಖೆಯ ಅಧಿಕಾರಿ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ ನೋಡಿ, ಗಾಜು ಏರಿಸಿ ಹೋದ. 'ಬೆಸುಗೆ ದೋಷ' ಎಂದು ವರದಿ ಬಂತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ಸತ್ತೂ ಹೋಗಿತ್ತು, ಅಲ್ಲ ಎಂದು ತಲೆಯಾಡಿಸಲೂ ಆಗಲಿಲ್ಲ.

ಹತ್ತು ಹೆಣಗಳಿಗೆ ಹನ್ನೊಂದನೆಯವನು ಕಾರಣನಾದ. ಕೂಲಿ ಶೆಡ್ಡುಗಳ ಸಾಲಿನಲ್ಲಿ ಬೋಲ್ಟಕ್ಕನ ಜೊತೆ ಮಾತು ನಿಂತಿತು. ಹೆಚ್ಚು ಉರಿದುಬಿದ್ದವಳು ದೊಡ್ಡಮ್ಮ. ಅವಳು ಎಲ್ಲರಿಗೂ ದೊಡ್ಡಮ್ಮ. ಅವಳ ಇಬ್ಬರು ಗಂಡುಮಕ್ಕಳೂ ಮೂಟೆ ಹೊರುವವರು, ಇಬ್ಬರೂ ಒಂದೇ ಕಂಬದ ಕೆಳಗೆ ಸಿಕ್ಕಿದ್ದರು.

ಗೆರೆ ಎಳೆಸಿಕೊಂಡ ದಿನ ಸಂಜೆ ಬೋಲ್ಟಕ್ಕ ನಲ್ಲಿಯ ಹತ್ತಿರ ಮುಖ ಉಜ್ಜುತ್ತಿದ್ದಾಗ ದೊಡ್ಡಮ್ಮ ಕೊಡ ಹಿಡಿದು ಬಂದಳು.

"ಮುಖಕ್ಕೆ ಸುಣ್ಣ ಬಳಿದ್ರಾ? ಮಸಿ ಬಳೀಬೇಕಿತ್ತು."

"ದೊಡ್ಡಮ್ಮಾ, ಒಂದ್ ಮಾತು ಕೇಳಿ. ಆ ಹಳೇ ಕಾಂಕ್ರೀಟಿನ ಮೇಲೇ ಇದನ್ನೂ ಕಟ್ತಿದಾರೆ. ಅದೇ ಕಟ್ಟಿಸಿದ ಹಲ್ಲು. ನಾನೇ ಕೈಯಾರೆ..."

"ನಿನ್ ಗಂಡನ ಕೈ ಸೇದ್ಹೋಗ! ಅವನು ಸರಿಯಾಗಿ ಬೆಸೆದಿದ್ರೆ ನನ್ ಮಕ್ಳು ಇವತ್ತು ಈ ಕೊಡ ಹೊರ್ತಿದ್ರು."

"ಬೆಸುಗೆ ಬಿಟ್ಟಿರ್ಲಿಲ್ಲ ದೊಡ್ಡಮ್ಮಾ. ಕೆಳಗೆ ಬೋಲ್ಟೇ ಇರ್ಲಿಲ್ಲ. ಕತ್ತರಿಸೋಕೆ ಹೇಳಿದ್ದು ಎಂಜಿನಿಯರ್ರು."

"ಹೇಳ್ದಾಗ ನೀನಿದ್ಯಾ? ನೋಡ್ದ್ಯಾ? ಆ ಸೂಳೆಮಗ ಬಂದು ಹೌದು ನಾನೇ ಹೇಳ್ದೆ ಅಂತ ನನ್ ಮುಂದೆ ಹೇಳ್ತಾನಾ? ಹೇಳಿಸು. ಆವಾಗ ನಂಬ್ತೀನಿ." ದೊಡ್ಡಮ್ಮ ಕ್ಯಾಕರಿಸಿ ಅವಳ ಕಾಲ ಬಳಿ ಉಗುಳಿ ಹೋದಳು.

ಬೋಲ್ಟಕ್ಕ ಅಳಲಿಲ್ಲ. ಮುದುಕಿಯ ಮಾತಿನಲ್ಲಿ ನ್ಯಾಯವಿತ್ತು. ಅವನ ಬಾಯಿಂದಲೇ ಬರಬೇಕು, ಎಲ್ಲರ ಮುಂದೆ ಬರಬೇಕು, ಅಲ್ಲಿಯವರೆಗೆ ನನ್ನ ಗಂಡ ಕೊಲೆಗಾರನೇ. ಅವನ ಬಾಯಿ ತೆರೆಸುವುದು ಹೇಗೆಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿದರೂ ಬಣ್ಣ ಪೂರ್ತಿ ಹೋಗದೆ ನಾಲ್ಕು ದಿನ ಹಣೆಯ ಮೇಲೆ ಉಳಿಯಿತು.

ಉಳಿದ ಕಂಬಗಳನ್ನೂ ಅವಳೇ ಬಿಗಿದಳು. ಒಟ್ಟು ಇಪ್ಪತ್ನಾಲ್ಕು. ಇಪ್ಪತ್ತೆರಡರಲ್ಲಿ ಕಟ್ಟಿಸಿದ ಹಲ್ಲು. ಈ ಸಲ ಬೆಸೆಯುವ ಗೋಜೂ ಇಲ್ಲ, ತುಂಡುಗಳನ್ನು ಗಾರೆಯಲ್ಲಿ ಚುಚ್ಚಿ ನಿಲ್ಲಿಸಿದ್ದರು. ಹಿಂದಿನ ಮೂಲೆಯ ಎರಡು ಕಂಬ ಮಾತ್ರ ನಿಜವಾದ ಬೋಲ್ಟಿನ ಮೇಲೆ ನಿಂತಿದ್ದವು. ಅಲ್ಲಿ ಹಳೆಯ ಕಾಂಕ್ರೀಟು ಬಿರುಕುಬಿಟ್ಟು ಪುಡಿಯಾಗಿದ್ದರಿಂದ ಹೊಸದಾಗಿ ಹೂಳದೆ ಗತಿ ಇರಲಿಲ್ಲ. ಆ ಎರಡಕ್ಕೆ ಸ್ಪ್ಯಾನರ್ ಹಾಕಿದಾಗ ನಟ್ಟು ಎಂಥ ಬಿಗಿ ಹಿಡಿಯಿತೆಂದರೆ ಅವಳ ರಟ್ಟೆ ನೋವು ಮೂರು ದಿನ ಇತ್ತು. ಎಲ್ಲ ಇಪ್ಪತ್ನಾಲ್ಕು ಕಂಬಕ್ಕೂ ಬಿಳಿ ಗೆರೆ ಬಿತ್ತು. ಸರ್ಕಾರಿ ತಪಾಸಣೆಯವನು ಬಂದು ಗೆರೆಗಳನ್ನು ಎಣಿಸಿ, ಸಾಹುಕಾರನ ಮನೆಯಲ್ಲಿ ಚಹಾ ಕುಡಿದು, ಸಹಿ ಹಾಕಿ ಹೋದ. ಎಂಜಿನಿಯರು ಶಟರಿನ ಪಕ್ಕ ದೊಡ್ಡ ಬೋರ್ಡು ಬರೆಸಿದ: 'ಚಂಡಮಾರುತ ತಡೆಯುವ ಕಟ್ಟಡ.' ಅದರ ಕೆಳಗೆ ಅವನ ಹೆಸರು, ಹೆಸರಿನ ಮುಂದೆ ಪದವಿಗಳ ಬಾಲ.

ಮೂಟೆ ತುಂಬಿ ಹದಿನೈದು ದಿನವಾಗಿರಲಿಲ್ಲ, ರೇಡಿಯೋ ಕೂಗತೊಡಗಿತು. ನಾಳೆ ಮಧ್ಯಾಹ್ನ ಗಾಳಿ ದಡ ಮುಟ್ಟುತ್ತದೆ, ಹೋದ ಸಲಕ್ಕಿಂತ ದೊಡ್ಡದು.

ಸಾಹುಕಾರ ಹೆಂಡತಿ ಮಕ್ಕಳನ್ನು ಕಾರಿಗೆ ತುಂಬಿಕೊಂಡು ಅಂದೇ ಪೇಟೆಗೆ ಹೊರಟುಬಿಟ್ಟ. ಹಿಡಿದಷ್ಟು ಮೂಟೆ ಹೇರಿಕೊಂಡು ಲಾರಿಗಳೂ ಹೋದವು. ಕೂಲಿಯವರನ್ನು ಸಾಗಿಸಲು ಯಾರೂ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ರಸ್ತೆಯ ಮೇಲೆ ಮೊಣಕಾಲು ನೀರು. ಅಂಗಳದಲ್ಲಿ ಗಟ್ಟಿಯಾಗಿ ನಿಂತಿದ್ದದ್ದು ಗೇಟಿನ ಪಕ್ಕದ ಸಾಹುಕಾರನ ಎರಡಂತಸ್ತಿನ ಕಾಂಕ್ರೀಟು ಮನೆ ಒಂದೇ. ಕೆಳಗೆ ಆಫೀಸು, ಮೇಲೆ ಅವನ ಬಿಡಾರ. ಕೂಲಿಯವರು ಅದರ ಜಗಲಿ ದಾಟಿ ಒಳಗೆ ಕಾಲಿಟ್ಟವರಲ್ಲ. ಅದರ ಬೀಗದಕೈ ಎಂಜಿನಿಯರನ ಸೊಂಟದಲ್ಲಿತ್ತು. ಅವನು ಹಾಸಿಗೆ, ಬ್ಯಾಟರಿ, ಬಿಸ್ಕತ್ತು ಎಲ್ಲ ಅಲ್ಲಿ ಇಟ್ಟುಕೊಂಡಿದ್ದ.

"ಎಲ್ಲ ಗೋಡೌನ್ ಒಳಗೆ ಬನ್ರೋ! ಮುದುಕ್ರು ಗಿದುಕ್ರು ಎಲ್ಲ! ನಿಮ್ಮ ತಗಡಿನ ಗೂಡಿಗಿಂತ ಸೇಫು" ಎಂದು ಅವನು ಮೈಕು ಹಿಡಿದು ಕೂಗಿದ. ಐವತ್ತೆರಡು ಜನ ಒಳಗೆ ಬಂದರು. ಸಕ್ಕರೆ ಮೂಟೆಗಳನ್ನು ಹಿಂಭಾಗದಲ್ಲಿ ಎತ್ತರಕ್ಕೆ ಪೇರಿಸಿದ್ದರು. ಜನರನ್ನು ಕಡಲ ಸಾಲಿನ ಕಂಬಗಳ ಕೆಳಗೆ ಕೂರಿಸಿದರು. ನೀರು ಒಳಗೆ ಬಂದರೆ ಕೆಳಗಿನ ಮೂಟೆಗಳನ್ನು ಮೇಲಕ್ಕೆ ಎಸೆಯಬೇಕು ಎಂದು ಆಜ್ಞೆಯಾಯಿತು.

ಎಣಿಕೆ ಮುಗಿಸಿ ಎಂಜಿನಿಯರು ಹೊರಗೆ ಹೊರಟ. ಅವನ ಕೈಯಲ್ಲಿ ಮುಷ್ಟಿಗಾತ್ರದ ಬೀಗವಿತ್ತು. ಶಟರಿನ ಬಾಯಲ್ಲಿ ಬೋಲ್ಟಕ್ಕ ಅಡ್ಡ ನಿಂತಿದ್ದಳು, ಕೈಯಲ್ಲಿ ಸ್ಪ್ಯಾನರ್.

"ಎಲ್ಲಿಗೆ ಸಾರ್?"

"ನಿನ್ನ ಕೇಳ್ಬೇಕಾ? ದಾರಿ ಬಿಡು."

"ಇಲ್ಲೇ ಇರಿ ಸಾರ್. ಬೋರ್ಡ್ ಬರೆಸಿದೀರಲ್ಲ. ಚಂಡಮಾರುತ ತಡೆಯುತ್ತೆ ಅಂತ ನಿಮ್ಮ ಹೆಸರೇ ಹಾಕಿದೀರಿ. ಇದಕ್ಕಿಂತ ಸೇಫು ಇನ್ನೆಲ್ಲಿದೆ?"

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ, "ಏ ಬೋಲ್ಟಕ್ಕಾ, ತಲೆ ಕೆಟ್ಟಿದ್ಯಾ? ಬಾ ಈಚೆ" ಎಂದ.

"ನಾನು ತಪ್ಪೇನ್ ಕೇಳ್ದೆ ಮೇಸ್ತ್ರಿ? ಗಟ್ಟಿಯಾಗಿದ್ರೆ ನಮ್ ಜೊತೆ ಕೂರೋಕೆ ಅವರಿಗೇನ್ ರೋಗ?"

ಎಂಜಿನಿಯರು ಅವಳಿಗೆ ಹೊಡೆಯಲು ಕೈಯೆತ್ತಿದ. ಎತ್ತಿದ ಕೈ ಕೆಳಗೆ ಬರಲಿಲ್ಲ. ಹಿಂದಿನಿಂದ ದೊಡ್ಡಮ್ಮ ಅವನ ಮಣಿಕಟ್ಟು ಹಿಡಿದಿದ್ದಳು. ಬೋಲ್ಟಕ್ಕನ ಮೇಲಿನ ಪ್ರೀತಿಗಲ್ಲ, ಅವಳಿಗೆ ಬೇರೆ ಏನೋ ನೆನಪಾಗಿತ್ತು.

"ಕೂತ್ಕೊಳಪ್ಪ. ಹೋದ್ ಸಲ ನನ್ ಮಕ್ಳ ಹತ್ರ ದೊಡ್ಡೋರು ಒಬ್ರೂ ಕೂತಿರ್ಲಿಲ್ಲ. ಈ ಸಲ ನನ್ ಪಕ್ಕ ನೀನ್ ಕೂತ್ಕೋ."

ಮೂವತ್ತು ವರ್ಷ ಗಾರೆ ಕಲೆಸಿದ ಕೈ ಅದು. ಅವನು ಎರಡು ಸಲ ಕೊಸರಿದ. ಅಷ್ಟರಲ್ಲಿ ಇಬ್ಬರು ಹಮಾಲರು ಮಾತಿಲ್ಲದೆ ಎದ್ದು ಶಟರನ್ನು ಒಳಗಿನಿಂದ ಸರ್ರನೆ ಎಳೆದರು. ಒಳಗೆ ಮಬ್ಬು ಕವಿಯಿತು.

ಎಂಜಿನಿಯರು ನಕ್ಕ. "ಸರಿ ಸರಿ, ಕೂರ್ತೀನಿ. ನನಗೇನ್ ಭಯ?" ಎಂದು ಹದಿನಾಲ್ಕನೇ ಕಂಬದ ಬುಡದಲ್ಲೇ ಒಂದು ಮೂಟೆ ಎಳೆದುಕೊಂಡು ಕಾಲ ಮೇಲೆ ಕಾಲು ಹಾಕಿ ಕೂತ. ಬೋಲ್ಟಕ್ಕ ಎದುರಿಗೆ ನೆಲದ ಮೇಲೆ ಕೂತಳು. ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಒಂದು ಗಳಿಗೆ ಅವಳಿಗೂ ಅನುಮಾನವಾಯಿತು, ಇವನಿಗೆ ಮರೆತೇಹೋಗಿದೆಯೇನೋ ಎಂದು.

ಮೊದಲ ಗಾಳಿ ಬಂದಾಗ ತಗಡುಗಳು ಸುಮ್ಮನೆ ಗುಂಯ್‌ಗುಟ್ಟಿದವು. ಎರಡನೆಯದಕ್ಕೆ ಚಾವಣಿ ಪಟಪಟನೆ ಬಡಿದುಕೊಂಡಿತು. ಎಂಜಿನಿಯರು ಕಾಲು ಇಳಿಸಿದ. ಕಂಬದ ಬುಡದತ್ತ ಒಮ್ಮೆ ನೋಡಿ, "ಇಲ್ಲಿ ನೀರು ತೊಟ್ಟಿಕ್ತಿದೆ" ಎನ್ನುತ್ತಾ ಎದ್ದು ಹದಿನೇಳನೆಯದರ ಹತ್ತಿರ ಹೋದ. ಅವನು ಎದ್ದು ಬಂದ ಜಾಗದಲ್ಲಿ ಒಂದು ಹನಿ ನೀರೂ ಬಿದ್ದಿರಲಿಲ್ಲ. ಮೂರನೆಯ ಗಾಳಿಗೆ ನೆಲದಿಂದ ಏನೋ ಕಟಕ್ ಎಂದಿತು. ಅವನು, "ಇಲ್ಲಿ ಸೆಕೆ ಕಣ್ರೋ" ಎಂದು ಮತ್ತೆ ಎದ್ದ. ಈ ಸಲ ಮೂಟೆ ತರಲಿಲ್ಲ. ಕಾಲು ಚಾಚಿದವರನ್ನು ತುಳಿದುಕೊಂಡು, ಪೇರಿಸಿದ ಮೂಟೆಗಳ ಸಂದಿಯಲ್ಲಿ ನುಸುಳಿ, ಹಿಂದಿನ ಮೂಲೆಗೆ ಹೋಗಿ ಇಪ್ಪತ್ಮೂರನೇ ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೇ ಕೂತುಬಿಟ್ಟ. ಒಂದು ಕೈ ಹಿಂದಕ್ಕೆ ಹೋಗಿ ಕಂಬವನ್ನು ಹಿಡಿದುಕೊಂಡಿತು.

ಬೋಲ್ಟಕ್ಕ ಸ್ಪ್ಯಾನರ್ ಹಿಡಿದು ಎದ್ದಳು. ಅವಳಿಗಾದದ್ದು ಸಂತೋಷವೇ, ಎರಡು ವರ್ಷದ ಮೇಲೆ ಬಂದದ್ದು.

"ದೊಡ್ಡಮ್ಮಾ, ಎದ್ ಬನ್ನಿ. ಎಲ್ರೂ ಬನ್ನಿ. ಇವರು ಎಲ್ಲಿಗೆ ಹೋಗಿ ಕೂತ್ರು ನೋಡಿ."

"ಎಲ್ ಕೂತ್ರೆ ಏನೇ?"

"ಇರೋದು ಇಪ್ಪತ್ನಾಕು ಕಂಬ. ನಾನೇ ಬಿಗಿದಿದ್ದು. ಇವರು ಹುಡುಕ್ಕೊಂಡು ಹೋಗಿ ಯಾವ್ದಕ್ಕೆ ಒರಗಿದ್ರು ಅಂತ ಈಗ ತೋರಿಸ್ತೀನಿ."

ಅವಳು ಹದಿನಾಲ್ಕನೆಯ ಕಂಬದ ಬುಡಕ್ಕೆ ಸ್ಪ್ಯಾನರಿನ ಬಾಲ ತುರುಕಿ ಒಂದು ಸಲ ಮೀಟಿದಳು. ಗಾರೆ ಉದುರಿತು. ನಟ್ಟಿನ ಸಮೇತ ಬೋಲ್ಟು ಕಿತ್ತು ಅವಳ ಅಂಗೈಗೆ ಬಂತು. ಬೆರಳುದ್ದ. ಅದನ್ನು ದೊಡ್ಡಮ್ಮನ ಕೈಗಿಟ್ಟಳು. "ಇದು ಮೊಣಕಾಲುದ್ದ ಇರ್ಬೇಕಿತ್ತು. ಹೋದ್ ಸಲಾನೂ ಇಷ್ಟೇ ಇತ್ತು." ಆಮೇಲೆ ಸ್ಪ್ಯಾನರನ್ನು ದೊಡ್ಡ ಹಮಾಲನ ಕೈಗೆ ಕೊಟ್ಟು, "ಅಣ್ಣಾ, ಈಗ ಅವರು ಒರಗಿರೋ ಕಂಬಕ್ಕೆ ಹಾಕಿ ನೋಡು" ಎಂದಳು.

ಹಮಾಲ ಎಂಜಿನಿಯರನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಸ್ಪ್ಯಾನರು ಹಾಕಿದ. ಎರಡು ಮೂಟೆ ಒಟ್ಟಿಗೆ ಹೊರುವವನು, ಕುತ್ತಿಗೆಯ ನರ ಉಬ್ಬುವಂತೆ ಜಗ್ಗಿದ. ನಟ್ಟು ಕೂದಲೆಳೆಯಷ್ಟೂ ಅಲುಗಲಿಲ್ಲ.

ಹೊರಗೆ ಗಾಳಿ ಊಳಿಡುತ್ತಿತ್ತು. ದೊಡ್ಡಮ್ಮ ಅಂಗೈಯಲ್ಲಿದ್ದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನೀನು ಕಂಬಾನೇ ತಬ್ಕೊಂಡ್ಯಲ್ಲೋ ಬೋಳಿಮಗನೇ," ಎಂದಳು. ಅವಳ ಧ್ವನಿ ಏರಲೂ ಇಲ್ಲ. "ಹೇಳು. ಹೋದ್ ಸಲ ಇದನ್ನ ಕತ್ತರಿಸೋಕೆ ಹೇಳಿದ್ದು ಯಾರು?"

"ನನಗೇನ್ ಗೊತ್ತು? ವೆಲ್ಡರು... ಅವನೇ ಕೈಯಾರೆ ಮಾಡಿದ್ದು. ವರದೀಲಿ ಇದೆಯಲ್ಲ."

"ಮಾಡಿದ್ದು ಅವರು. ನಾನೂ ಒಪ್ತೀನಿ" ಎಂದಳು ಬೋಲ್ಟಕ್ಕ. "ಹೇಳಿದ್ದು ಯಾರು ಸಾರ್?"

ಅವನು ಬಾಯಿ ಬಿಗಿದುಕೊಂಡ. ಆ ಹೊತ್ತಿಗೂ ಅವನಿಗೆ ನೌಕರಿ, ಜೈಲು, ಹೆಸರಿನ ಮುಂದಿನ ಬಾಲ ಎಲ್ಲ ನೆನಪಿತ್ತು. ಇವರು ಕೂಲಿಗಳು, ಕೂಗಾಡಿ ಸುಮ್ಮನಾಗುತ್ತಾರೆ ಎಂದೇ ಅವನು ಲೆಕ್ಕ ಹಾಕಿದ್ದ.

ದೊಡ್ಡಮ್ಮ ಅವನ ಸೊಂಟಕ್ಕೆ ಕೈಹಾಕಿ ಬೀಗದಕೈ ಗೊಂಚಲು ಕಿತ್ತುಕೊಂಡಳು.

"ಏಳ್ರೋ ಎಲ್ಲ. ಸಾಹುಕಾರನ ಮನೆಗ್ ನಡೀರಿ."

ಶಟರನ್ನು ಸೊಂಟದೆತ್ತರಕ್ಕೆ ಎತ್ತಿದರು. ಮೂಟೆ ಕಟ್ಟುವ ಹಗ್ಗ ಹಿಡಿದು ಒಬ್ಬರ ಹಿಂದೆ ಒಬ್ಬರು ಬಗ್ಗಿ ಹೊರಬಿದ್ದರು. ಕೂಸುಗಳನ್ನು ಹೊಟ್ಟೆಗೆ ಕಟ್ಟಿಕೊಂಡರು, ಕೈಲಾಗದವರನ್ನು ಹಮಾಲರು ಬೆನ್ನಿಗೆ ಹಾಕಿಕೊಂಡರು. ಮೇಸ್ತ್ರಿ ಎಲ್ಲರಿಗಿಂತ ಮುಂದೆ ಹಗ್ಗ ಹಿಡಿದಿದ್ದ. ಎಂಜಿನಿಯರೂ ಸಾಲಿನಲ್ಲಿ ನುಸುಳಲು ನೋಡಿದ. ದೊಡ್ಡ ಹಮಾಲ ಎದೆಗೆ ಕೈಕೊಟ್ಟು ಒಂದೇ ತಳ್ಳು ತಳ್ಳಿದ್ದಕ್ಕೆ ಮೂಟೆಗಳ ಮೇಲೆ ಅಂಗಾತ ಬಿದ್ದ. ಕೊನೆಗೆ ಹೊರಬಂದವಳು ಬೋಲ್ಟಕ್ಕ. ಅವನು ತಂದಿದ್ದ ಬೀಗ ನೆಲದ ಮೇಲೆ ಬಿದ್ದಿತ್ತು. ಎತ್ತಿಕೊಂಡಳು.

"ಏಯ್! ಏಯ್ ಏನ್ ಮಾಡ್ತೀಯಾ? ಇದು ನಿಲ್ಲಲ್ಲ ಕಣೇ!"

"ನಿಲ್ಲುತ್ತೆ ಸಾರ್. ಗೆರೆ ಎಳೆದಿದೀನಿ."

ಶಟರು ಎಳೆದು ಬೀಗ ಜಡಿದಳು.

ನೂರು ಹೆಜ್ಜೆ ದಾಟಲು ಅರ್ಧ ಗಂಟೆ ಹಿಡಿಯಿತು. ಮಳೆ ಅಡ್ಡಡ್ಡ ಬೀಳುತ್ತಿತ್ತು. ಇಬ್ಬರು ಹಗ್ಗ ಬಿಟ್ಟು ಜಾರಿದರು, ಹಿಂದಿದ್ದವರು ಅವರನ್ನು ಎಳೆದುಕೊಂಡರು. ಸಾಹುಕಾರನ ಮನೆಯ ಬೀಗ ತೆಗೆದು ಐವತ್ತೆರಡು ಜನ ಒದ್ದೆ ಕಾಲಲ್ಲೇ ಒಳಗೆ ನುಗ್ಗಿದರು. ಜಮಖಾನದ ಮೇಲೆ ಕೆಸರಾಯಿತು. ಎಂಜಿನಿಯರನ ಹಾಸಿಗೆಯ ಮೇಲೆ ಯಾರೋ ಬಾಣಂತಿಯನ್ನು ಮಲಗಿಸಿದರು, ಅವನ ಬಿಸ್ಕತ್ತು ಕೈಯಿಂದ ಕೈಗೆ ಹೋಯಿತು. ಒಬ್ಬ ಮುದುಕ ಸಾಹುಕಾರನ ಕುರ್ಚಿಯಲ್ಲಿ ಕೂತು, ಹಿತವಾಗಿಲ್ಲವೆಂದು ಎದ್ದು ನೆಲದ ಮೇಲೆ ಕೂತ.

ಕಿಟಕಿಯ ಗಾಜಿನಿಂದ ಗೋದಾಮು ಕಾಣುತ್ತಿತ್ತು. ಬೋಲ್ಟಕ್ಕ ಅಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಬಂದು ಪಕ್ಕದಲ್ಲಿ ನಿಂತಳು. ಎರಡು ವರ್ಷದಲ್ಲಿ ಮೊದಲ ಸಲ.

ಮೊದಲು ಶಟರು ಒಳಕ್ಕೆ ಕುಸಿಯಿತು. ಬೀಗ ಗಟ್ಟಿಯಾಗಿತ್ತು, ಪಕ್ಕದ ಹಳಿಗಳೇ ಕಿತ್ತುಬಂದವು. ಆಮೇಲೆ ಆದದ್ದೆಲ್ಲ ಅವಳ ಗಂಡ ಹೇಳಿದ್ದ ಹಾಗೆಯೇ ಆಯಿತು. ಚಾವಣಿ ಒಮ್ಮೆ ಉಸಿರೆಳೆದುಕೊಂಡಂತೆ ಉಬ್ಬಿತು. ಕಡಲ ಸಾಲಿನ ಕಂಬಗಳು ಒಂದಾದ ಮೇಲೊಂದು ನೆಲ ಬಿಟ್ಟು ಮೇಲೆದ್ದವು, ಒಂದಕ್ಕೂ ಬೇರಿರಲಿಲ್ಲ. ತಗಡು ಹರಿದು ಹಾರಿತು. ಸಕ್ಕರೆ ಮಳೆಯಲ್ಲಿ ಕರಗಿ ಅಂಗಳದ ತುಂಬ ಬಿಳಿಯಾಗಿ ಹರಿಯಿತು. ಹಿಂದಿನ ಮೂಲೆಯಲ್ಲಿ ಎರಡು ಕಂಬ ಮಾತ್ರ ನಿಂತಿದ್ದವು.

"ಅಲ್ನೋಡು," ಎಂದಳು ದೊಡ್ಡಮ್ಮ.

ಆ ಎರಡು ಕಂಬಗಳ ನಡುವಿನಿಂದ ಒಬ್ಬ ಮನುಷ್ಯ ತೆವಳಿಕೊಂಡು ಹೊರಬಂದ. ಎದ್ದ, ಬಿದ್ದ, ಮತ್ತೆ ತೆವಳಿದ. ಒಂದು ತಗಡು ಅವನ ತಲೆಯ ಮೇಲಿಂದ ಹಾದುಹೋಗಿ ಕಾಂಪೌಂಡಿಗೆ ಬಡಿಯಿತು. ಎಲ್ಲರೂ ಕಿಟಕಿಗೆ ಮುತ್ತಿದರು. ಅವನು ಜಗಲಿ ಹತ್ತಿ ಬಾಗಿಲು ಬಡಿದ.

"ತೆಗೀರಿ! ತೆಗೀರ್ರೋ!"

ಮೇಸ್ತ್ರಿ ಬಾಗಿಲ ಕಡೆ ಓಡಿದ. ಬೋಲ್ಟಕ್ಕ ಅವನಿಗಿಂತ ಮೊದಲೇ ಚಿಲಕದ ಮೇಲೆ ಕೈಯಿಟ್ಟಿದ್ದಳು.

"ಹೇಳಿದ್ದು ಯಾರು ಸಾರ್?"

ಹೊರಗಿನಿಂದ ಬಾಗಿಲಿಗೆ ಬಾಯಿಟ್ಟು ಕೂಗಿದ ಧ್ವನಿ ಬಂತು. "ನಾನೇ! ನಾನೇ ಹೇಳಿದ್ದು! ಕತ್ತರಿಸು ಅಂತ ನಾನೇ ಹೇಳಿದ್ದು... ಅವನು ಬೇಡ ಅಂದ... ನಾನೇ ಹೊಡೆದೆ... ನಿನ್ ದಮ್ಮಯ್ಯ, ತೆಗಿಯಮ್ಮಾ!"

ಒಳಗೆ ಪ್ರತಿಯೊಬ್ಬರೂ ಕೇಳಿಸಿಕೊಂಡರು. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಅವಳ ಮೈದುನನೂ ಆ ಹನ್ನೊಂದು ಜನರಲ್ಲಿದ್ದವನು. ಬೋಲ್ಟಕ್ಕನ ಕಣ್ಣಲ್ಲೂ ನೀರು ಬಂತು. ಎರಡು ವರ್ಷ ಕಾದ ಮಾತು, ಕೊನೆಗೂ ಬಂದಿತ್ತು.

"ಹೇಳಿದ್ರಲ್ಲಕ್ಕಾ," ಎಂದ ಮೇಸ್ತ್ರಿ. "ಎಲ್ರಿಗೂ ಕೇಳಿಸ್ತು. ಇನ್ನೇನ್ ಬೇಕು? ಸತ್ತೇಹೋಗ್ತಾರೆ, ಆಮೇಲೆ ನಮ್ ತಲೆ ಮೇಲೆ ಬರುತ್ತೆ. ತೆಗಿ."

ಬೋಲ್ಟಕ್ಕ ದೊಡ್ಡಮ್ಮನ ಕಡೆ ತಿರುಗಿದಳು. ಮೂರು ಶೆಡ್ಡುಗಳ ಆಚೆ ಯಾರಾದರೂ ಪಿಸುಗುಟ್ಟಿದರೂ ಕೇಳಿಸಿಕೊಳ್ಳುವ ಕಿವಿ ಆ ಮುದುಕಿಯದು. ಅವಳು ತಲೆಯ ಮೇಲಿನ ಒದ್ದೆ ಸೆರಗನ್ನು ಎಳೆದು ಎರಡೂ ಕಿವಿ ಮುಚ್ಚುವಂತೆ ಹೊದ್ದುಕೊಂಡಳು.

"ನಂಗ್ಯಾಕೋ ಕಿವಿ ಮಂದ ಆಗಿದೆ ಕಣೇ," ಎಂದಳು.

ಬಾಗಿಲು ಮತ್ತೆ ಬಡಿಯಿತು, ಮೊದಲಿನಷ್ಟು ಜೋರಾಗಿ ಅಲ್ಲ. ಬೋಲ್ಟಕ್ಕ ಚಿಲಕದ ಮೇಲಿನ ಕೈ ತೆಗೆಯದೆ ಬಾಗಿಲಿಗೆ ಬಾಯಿ ಹತ್ತಿರ ತಂದಳು.

"ಇನ್ನೂ ಜೋರಾಗಿ ಹೇಳಿ ಸಾರ್. ಗಾಳೀಲಿ ಒಂದೂ ಕೇಳಿಸ್ತಿಲ್ಲ."